ಬೀದಿಯ ಮೂಲೆಯ ಕೆಂಪು ಪೆಟ್ಟಿಗೆ

ನಾನು ಒಂದು ಮರದ ಪೆಟ್ಟಿಗೆ. ಮೊಳದುದ್ದ ಇದ್ದೇನೆ, ಗೇಣಗಲ. ಎದುರಿಗೆ ಕಾಗದ ತೂರಿಸುವಷ್ಟು ಒಂದು ಸೀಳು, ಪಕ್ಕದಲ್ಲಿ ಬೀಗ ಹಾಕುವ ಪುಟ್ಟ ಬಾಗಿಲು. ಮೈಮೇಲಿನ ಕೆಂಪು ಬಣ್ಣ ಈಗ ಅಲ್ಲಲ್ಲಿ ಎದ್ದುಹೋಗಿದೆ. ಹುಟ್ಟುವಾಗ ಮಾತ್ರ ನಾನು ಕೆಂಪಾಗಿರಲಿಲ್ಲ.

ಚೀನಾ ದೇಶದ ಸಿಚುವಾನ್ ಪ್ರಾಂತ್ಯದಲ್ಲಿ, ದೊಡ್ಡ ನದಿಯ ದಂಡೆಗೆ, ಬೈಶಾಪು ಎಂಬ ಪಟ್ಟಣವಿದೆ. ಅಲ್ಲಿಯ ಬಡಗಿ ಗೆಂಗ್, ಗಾಳಿಗೆ ಉರುಳಿದ ಒಂದು ಕರ್ಪೂರದ ಮರದ ಹಲಗೆಯಿಂದ ನನ್ನನ್ನು ಮಾಡಿದ. ಒಂದೇ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಹಲಗೆಯ ಹಲ್ಲುಗಳನ್ನು ಒಂದರೊಳಗೊಂದು ಸೇರಿಸಿ, ಅಂಗೈಯಿಂದ ಗುದ್ದಿ ಕೂರಿಸಿದ. ಆಗ ನನಗೆ ಮರದ ಬಣ್ಣವೇ ಬಣ್ಣ, ಮೂಗಿಗೆ ಹಿತವಾದ ಕರ್ಪೂರದ ವಾಸನೆ.

ಮಾಡಿಸಿದವರು ವೈದ್ಯ ಶೆನ್ ಬೋಯಾನ್. ಹಳೆಯ ಬೀದಿಯಲ್ಲಿ ಅವರ ಔಷಧಿ ಅಂಗಡಿ ಇತ್ತು. ಗೋಡೆ ತುಂಬ ಸಣ್ಣ ಸಣ್ಣ ಖಾನೆಗಳು, ಅವುಗಳಲ್ಲಿ ಬೇರು, ತೊಗಟೆ, ಒಣಗಿದ ಹೂವು. ನನ್ನನ್ನು ತೆಗೆದುಕೊಂಡು ಹೋಗಲು ಬಂದ ದಿನ ಅವರು ಗೆಂಗ್‌ಗೆ ಹೇಳಿದ್ದು ನನಗೆ ನೆನಪಿದೆ.

"ಎದುರಿಗೆ ಕೂತು ಹೇಳಲಾಗದ ಕಾಯಿಲೆಗಳು ಇರುತ್ತವೆ ಗೆಂಗ್. ಹೆಂಗಸರಿಗಂತೂ ಬಹಳ ಸಂಕೋಚ. ಚೀಟಿ ಬರೆದು ಇದರೊಳಗೆ ಹಾಕಲಿ. ನಾನು ಓದಿ ಔಷಧಿ ಕಟ್ಟಿಡುತ್ತೇನೆ."

"ಬರೆಯಲು ಬಾರದವರು ಏನು ಮಾಡಬೇಕು ವೈದ್ಯರೇ?"

"ಅವರಿಗೆ ಫಾಂಗ್ ಇದ್ದಾನಲ್ಲ."

ಫಾಂಗ್ ಜಿರೂ ಎಂಬಾತ ಗುಡಿಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಊರಿನವರಿಗೆ ಕಾಗದ ಬರೆದುಕೊಡುತ್ತಿದ್ದ. ಮೂವತ್ತು ದಾಟದ, ತೆಳ್ಳಗಿನ, ನಾಚಿಕೆ ಸ್ವಭಾವದ ಮನುಷ್ಯ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಊರೆಲ್ಲ ಹೊಗಳುತ್ತಿತ್ತು. ಓದುವಾಗ ತುಟಿ ಅಲ್ಲಾಡಿಸಿ ಮೆಲ್ಲಗೆ ಗುಣುಗುವುದು ಅವನ ಅಭ್ಯಾಸ. ಓದು ಬಾರದ ನನಗೆ ಕಾಗದಗಳಲ್ಲಿ ಏನಿತ್ತೆಂದು ತಿಳಿದದ್ದು ಆ ಗುಣುಗಿನಿಂದಲೇ.

ಅಂಗಡಿಯ ಹೊರಗೋಡೆಗೆ ನನ್ನನ್ನು ತಗ್ಗಾಗಿ ತೂಗುಹಾಕಿದರು. ಹೀಗಾಗಿ ನನಗೆ ಮುಖಗಳಿಗಿಂತ ಕೈಗಳೇ ಹೆಚ್ಚು ಪರಿಚಯ. ಬಟ್ಟೆ ಒಗೆದು ಬಿರುಕುಬಿಟ್ಟ ಕೈ, ದೋಣಿಯ ಹಗ್ಗ ಎಳೆದು ಗಂಟುಕಟ್ಟಿದ ಕೈ, ಬಳೆ ಸದ್ದಾಗದಂತೆ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡ ಕೈ. ಚೀಟಿ ಬೀಳುತ್ತಿತ್ತು, ಹೆಜ್ಜೆ ದೂರವಾಗುತ್ತಿತ್ತು. ಫಾಂಗ್‌ನ ಹೆಂಡತಿ ಎರಡು ಹೆರಿಗೆಯಲ್ಲಿ ಮಗು ಕಳೆದುಕೊಂಡಿದ್ದಳು. ಮೂರನೆಯ ಸಲ ಅವನೇ ಹೆದರುತ್ತಾ ಚೀಟಿ ಹಾಕಿದ. ವೈದ್ಯರು ಎಂಟು ತಿಂಗಳು ಅವಳಿಗೆ ಕಷಾಯ ಕೊಟ್ಟರು. ಆ ಸಲ ಮಗು ಉಳಿಯಿತು. ಫಾಂಗ್ ಅಂಗಡಿಗೆ ಬಂದು ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದಾಗ ವೈದ್ಯರು ಗಾಬರಿಯಾಗಿ, "ಏಳು ಮಾರಾಯಾ, ಏಳು, ಯಾರಾದರೂ ನೋಡಿದರೆ ನಗುತ್ತಾರೆ" ಎಂದು ಎಬ್ಬಿಸಿದ್ದರು.

ವೈದ್ಯರ ಮನೆಯಲ್ಲಿ ಮೂವರೇ. ಅವರು, ಹೆಂಡತಿ ಸುಚಿಂಗ್, ಮಗಳು ರೂಲಾನ್. ರೂಲಾನ್ ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ತುದಿಗಾಲಲ್ಲಿ ನಿಂತು ನನ್ನ ಸೀಳಿನೊಳಗೆ ಇಣುಕಿ, "ಅಪ್ಪಾ, ಇವತ್ತು ಎರಡು ಬಂದಿದೆ" ಎಂದು ಕೂಗುವುದು ಅವಳ ಬೆಳಗಿನ ಕೆಲಸ.

ಯುದ್ಧಗಳು ಬಂದುಹೋದವು. ಜಪಾನಿನ ವಿಮಾನಗಳು ನಮ್ಮ ತಲೆಯ ಮೇಲೆ ಹಾರಿದವು. ಆಮೇಲೆ ನಮ್ಮವರೇ ನಮ್ಮವರೊಡನೆ ಹೊಡೆದಾಡಿದರು. ಸಾವಿರದ ಒಂಬೈನೂರ ನಲವತ್ತೊಂಬತ್ತರ ಚಳಿಗಾಲದಲ್ಲಿ ಹಳೆಯ ಸರ್ಕಾರದ ಸೈನಿಕರು ಊರು ಬಿಟ್ಟು ಓಡಿದರು, ಕಮ್ಯುನಿಸ್ಟರ ಸೈನ್ಯ ಬಂತು. ಬಂದ ಸೈನಿಕರು ಯಾರ ಮನೆಗೂ ನುಗ್ಗಲಿಲ್ಲ, ಬೀದಿಯಲ್ಲೇ ಮಲಗಿದರು, ಬಾವಿಯಿಂದ ಮುದುಕಿಯರಿಗೆ ನೀರು ಸೇದಿಕೊಟ್ಟರು. ವೈದ್ಯರು ಅವರಲ್ಲಿ ಹಲವರ ಬಿರಿದ ಪಾದಗಳಿಗೆ ಮುಲಾಮು ಹಚ್ಚಿದರು. "ಇವರು ಒಳ್ಳೆಯವರ ಹಾಗೆ ಕಾಣುತ್ತಾರೆ" ಎಂದು ಸುಚಿಂಗ್ ಹೇಳಿದಳು. ವೈದ್ಯರೂ ಹೌದೆಂದರು.

ಒಂದು ವರ್ಷ ಕಳೆದ ಮೇಲೆ ಬೀದಿಯಲ್ಲಿ ಹೊಸ ಮಾತೊಂದು ಕೇಳತೊಡಗಿತು: ಪ್ರತಿಕ್ರಾಂತಿಕಾರಿ. ಹೊಸ ಸರ್ಕಾರವನ್ನು ಒಳಗಿಂದೊಳಗೆ ಹಾಳು ಮಾಡುವವರು ಎಂದು ಅದರ ಅರ್ಥವಂತೆ. ಅವರನ್ನು ಹುಡುಕಿ ತೆಗೆಯಲು ಬೀದಿಗೊಂದು ಸಮಿತಿಯಾಯಿತು. ನಮ್ಮ ಸಮಿತಿಗೆ ಹೊರಗಿನಿಂದ ಬಂದ ಅಧಿಕಾರಿ ಕಾಮ್ರೇಡ್ ಗುವೊ. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಕೂಗಾಡುವ ಮನುಷ್ಯನಲ್ಲ, ಬಹಳ ಮೆತ್ತಗಿನ ಮಾತು. ಅಕ್ಷರ ಚೆನ್ನಾಗಿದೆ ಎಂದು ಫಾಂಗ್‌ನನ್ನು ಸಮಿತಿಯ ಗುಮಾಸ್ತನನ್ನಾಗಿ ಮಾಡಿಕೊಂಡ.

ಒಂದು ಮಧ್ಯಾಹ್ನ ಗುವೊ ಅಂಗಡಿಯ ಮುಂದೆ ನಿಂತು ನನ್ನನ್ನು ನೋಡಿದ.

"ವೈದ್ಯರೇ, ಇದು ನಮಗೆ ಬೇಕು. ಇದಕ್ಕೆ ಚೀಟಿ ಹಾಕಿ ಜನರಿಗೆ ರೂಢಿಯಾಗಿದೆಯಲ್ಲ."

"ಇದರಲ್ಲಿ ಜನ ತಮ್ಮ ಕಾಯಿಲೆ ಬರೆದು ಹಾಕುತ್ತಾರೆ" ಎಂದರು ವೈದ್ಯರು.

"ಇನ್ನು ಮೇಲೆ ದೇಶದ ಕಾಯಿಲೆ ಬರೆದು ಹಾಕಲಿ" ಎಂದು ಗುವೊ ನಕ್ಕ.

ವೈದ್ಯರು ತಾವೇ ಕೊಕ್ಕೆಯಿಂದ ನನ್ನನ್ನು ಬಿಡಿಸಿ, ಒಳಗಿದ್ದ ಒಂದು ಚೀಟಿಯನ್ನು ಜೇಬಿಗಿಟ್ಟುಕೊಂಡು, ಬರಿದಾದ ನನ್ನನ್ನು ಅವನ ಕೈಗೆ ಕೊಟ್ಟರು. ಆ ಸಂಜೆಯೇ ನನಗೆ ಕೆಂಪು ಬಣ್ಣ ಬಳಿದರು. ಬಣ್ಣ ಮೂರು ಸಲ ಹಚ್ಚಿದ ಮೇಲೆ ಕರ್ಪೂರದ ವಾಸನೆ ಹೊರಗೆ ಬರಲಿಲ್ಲ. ಎದೆಯ ಮೇಲೆ ಹಳದಿ ಅಕ್ಷರ ಬರೆದವನು ಫಾಂಗ್: 'ಜನರ ಕಣ್ಣು. ಕಂಡದ್ದನ್ನು ಬರೆಯಿರಿ.' ಬೀದಿಯ ಮೂಲೆಯಲ್ಲಿ, ಬಾವಿಯ ಎದುರಿನ ಗೋಡೆಗೆ ನನ್ನನ್ನು ತೂಗುಹಾಕಿದರು.

ಮೊದಲ ವಾರ ಯಾರೂ ಬರಲಿಲ್ಲ. ಬಾವಿಗೆ ಬರುವ ಹೆಂಗಸರು ನನ್ನ ಕಡೆ ಬೆನ್ನು ಹಾಕಿ ನೀರು ಸೇದುತ್ತಿದ್ದರು. ಎರಡನೆಯ ವಾರ ಒಂದು ಕಾಗದ ಬಿತ್ತು. ಅಕ್ಕಿ ಅಂಗಡಿಯವನ ಮೇಲೆ, ಹಳೆಯ ಸರ್ಕಾರದ ಕಾಲದಲ್ಲಿ ಅವನು ಯಾವುದೋ ಗುಪ್ತ ಸಂಘದಲ್ಲಿದ್ದ ಎಂದು. ಅವನನ್ನು ಕರೆದುಕೊಂಡು ಹೋದರು. ಆಮೇಲೆ ಕಾಗದಗಳು ಬೀಳತೊಡಗಿದವು. ತಾನು ಬರೆಯದಿದ್ದರೆ ತನ್ನ ಮೇಲೆ ಇನ್ನೊಬ್ಬ ಬರೆದುಬಿಟ್ಟಾನು ಎಂಬ ಹೆದರಿಕೆ ಎಲ್ಲರಿಗೂ ಹತ್ತಿಕೊಂಡಿತ್ತು. ಗೋಡೆಯ ಜಗಳ, ಹಳೆಯ ಹೊಟ್ಟೆಕಿಚ್ಚು, ಮುರಿದುಬಿದ್ದ ಮದುವೆಯ ಮಾತುಕತೆ, ಎಲ್ಲವೂ ಈಗ ದೇಶದ್ರೋಹದ ಭಾಷೆಯಲ್ಲಿ ನನ್ನೊಳಗೆ ಬಂದು ಬೀಳುತ್ತಿದ್ದವು. ಕೈಗಳು ಅವೇ, ನನಗೆ ಪರಿಚಯದವೇ. ಒಮ್ಮೆ ಮಗನ ಜ್ವರಕ್ಕೆಂದು ಚೀಟಿ ಹಾಕಿದ್ದ ಕೈ ಈಗ ಪಕ್ಕದ ಮನೆಯವನ ಹೆಸರು ಹಾಕಿ ಹೋಯಿತು.

ದಿನಾ ಬೆಳಿಗ್ಗೆ ಫಾಂಗ್ ಬಂದು ನನ್ನನ್ನು ಇಳಿಸಿ ಸಮಿತಿಯ ಕೋಣೆಗೆ ಒಯ್ಯುತ್ತಿದ್ದ. ಒಲೆಯ ಪಕ್ಕದ ಮೇಜಿನ ಮೇಲೆ ಇಟ್ಟು, ಬೀಗ ತೆಗೆದು, ಒಂದೊಂದೇ ಕಾಗದವನ್ನು ಗುಣುಗುತ್ತಾ ಓದಿ, ದಪ್ಪ ಪುಸ್ತಕದಲ್ಲಿ ನಕಲು ಮಾಡುತ್ತಿದ್ದ. ಆ ಕೋಣೆಗೆ ಬಂದ ಮೇಲೆ ಅವನು ಸೊರಗಿಹೋಗಿದ್ದ.

ಐವತ್ತೊಂದರ ವಸಂತದಲ್ಲಿ, ಶಾಲೆ ಬಿಡುವ ಹೊತ್ತಿಗೆ, ನನ್ನ ಮುಂದೆ ಎರಡು ಪುಟ್ಟ ಕೈಗಳು ಬಂದು ನಿಂತವು. ಶಾಯಿ ಮೆತ್ತಿದ ಬೆರಳು. ನನಗೆ ತಕ್ಷಣ ಗುರುತು ಸಿಕ್ಕಿತು, ರೂಲಾನ್. ಅವಳಿಗೆ ಆಗ ಹದಿನೈದು. ತುದಿಗಾಲಲ್ಲಿ ನಿಲ್ಲುವ ಅಗತ್ಯ ಈಗಿರಲಿಲ್ಲ. ಕಾಗದವನ್ನು ಸೀಳಿಗೆ ಅರ್ಧ ತೂರಿಸಿ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ತೂರಿಸಿದಳು. ಬಾವಿಯ ಹತ್ತಿರ ಯಾರೋ ಕೆಮ್ಮಿದರು. ಬೆಚ್ಚಿಬಿದ್ದು ಕೈ ಬಿಟ್ಟಳು.

ಮರುದಿನ ಫಾಂಗ್ ಅದನ್ನು ಓದಿದ. 'ನನ್ನ ತಂದೆ ಮೂರು ವರ್ಷದ ಹಿಂದೆ ಹಳೆಯ ಸೈನ್ಯದ ಒಬ್ಬ ಅಧಿಕಾರಿಯ ಗಾಯಕ್ಕೆ ಔಷಧಿ ಹಾಕಿ ಎರಡು ದಿನ ಅಂಗಡಿಯಲ್ಲಿ ಮಲಗಿಸಿಕೊಂಡಿದ್ದರು. ಮನೆಯವರೇ ಮೊದಲು ಹೇಳಿದರೆ ಶಿಕ್ಷೆ ಇರುವುದಿಲ್ಲ, ಬರೀ ತಿಳಿವಳಿಕೆಯ ಪಾಠ ಮಾಡಿ ಕಳಿಸುತ್ತಾರೆ ಎಂದು ಶಾಲೆಯಲ್ಲಿ ಹೇಳಿದ್ದಾರೆ. ಆದ್ದರಿಂದ ನಾನೇ ಹೇಳುತ್ತಿದ್ದೇನೆ. ಅವರು ಒಳ್ಳೆಯವರು. ದಯವಿಟ್ಟು ಬೇಗ ಮನೆಗೆ ಕಳಿಸಿ.' ಕೆಳಗೆ ಸಹಿ: ಮಗಳು ಶೆನ್ ರೂಲಾನ್.

ಫಾಂಗ್‌ನ ಗುಣುಗು ನಿಂತುಹೋಯಿತು. ಎದ್ದು ಬಾಗಿಲಿನಾಚೆ ನೋಡಿ ಬಂದ. ಒಲೆಯ ಮುಚ್ಚಳ ಸರಿಸಿ ಕಾಗದವನ್ನು ಒಳಗೆ ತುರುಕಿದ. ಅದು ಪೂರ್ತಿ ಬೂದಿಯಾಗುವ ತನಕ ಕಡ್ಡಿಯಿಂದ ಕೆದಕುತ್ತಾ ಕೂತ. ಅವನ ಹಣೆಯಲ್ಲಿ ಬೆವರಿತ್ತು. ಆ ದಿನ ನನಗೆ ಅವನ ಮೇಲೆ ಬಹಳ ಪ್ರೀತಿ ಬಂತು.

ಹತ್ತು ದಿನ ಕಳೆದಿರಬೇಕು. ಕಾಮ್ರೇಡ್ ಗುವೊ ಬಂದು ಫಾಂಗ್‌ನ ಎದುರು ಕುರ್ಚಿ ಎಳೆದುಕೊಂಡು ಕೂತ.

"ಮೇಲಿನಿಂದ ಸಂಖ್ಯೆ ಬಂದಿದೆ ಕಾಮ್ರೇಡ್ ಫಾಂಗ್. ಇಷ್ಟು ಜನಸಂಖ್ಯೆಗೆ ಇಷ್ಟು ಶತ್ರುಗಳು ಇದ್ದೇ ಇರುತ್ತಾರೆ ಎಂದು ಲೆಕ್ಕ. ನಮ್ಮ ಬೀದಿಯ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆ ಬಿದ್ದಿದೆ."

"ಬಂದ ಕಾಗದಗಳನ್ನೆಲ್ಲ ನಕಲು ಮಾಡಿದ್ದೇನೆ ಕಾಮ್ರೇಡ್."

"ಗೊತ್ತು." ಗುವೊ ನನ್ನ ತಲೆಯ ಮೇಲೆ ಕೈಯಿಟ್ಟ. "ನಿಮ್ಮ ಅಣ್ಣ ಹಳೆಯ ಸರ್ಕಾರದ ಕಚೇರಿಯಲ್ಲಿ ಗುಮಾಸ್ತನಾಗಿದ್ದನಂತಲ್ಲ. ಆ ಸರ್ಕಾರದವರ ಜೊತೆ ತೈವಾನಿಗೆ ಓಡಿಹೋದನೋ ಏನೋ. ಆ ವಿಷಯವಾಗಿ ಯಾರೂ ಬರೆದಿಲ್ಲ, ನೋಡಿ. ಆಶ್ಚರ್ಯ."

ಗುವೊ ಸಿಗರೇಟು ಮುಗಿಸಿ, "ಶುಕ್ರವಾರ ಪಟ್ಟಿ ಕಳಿಸಬೇಕು" ಎಂದು ಹೊರಟುಹೋದ.

ಮಧ್ಯಾಹ್ನ ನನ್ನನ್ನು ಗೋಡೆಗೆ ತೂಗುಹಾಕುವ ಮೊದಲು ಫಾಂಗ್ ಮೇಜಿನ ಮುಂದೆ ಬಹಳ ಹೊತ್ತು ಕೂತಿದ್ದ. ಕೊನೆಗೆ ಕುಂಚವನ್ನು ಎಡಗೈಗೆ ತೆಗೆದುಕೊಂಡ. ಆ ಮುತ್ತಿನಂಥ ಅಕ್ಷರದವನು ಚಿಕ್ಕ ಮಗುವಿನ ಹಾಗೆ ವಕ್ರವಕ್ರವಾಗಿ ಬರೆದ. ಆ ಸಲವೂ ತುಟಿ ಅಲ್ಲಾಡುತ್ತಿತ್ತು. ಹಳೆಯ ಸೈನ್ಯದ ಅಧಿಕಾರಿ, ಗಾಯ, ಎರಡು ದಿನ, ಅಂಗಡಿ. ಅದೇ ವಿಷಯ. ಆದರೆ 'ಅವರು ಒಳ್ಳೆಯವರು' ಎಂಬ ಮಾತು ಅದರಲ್ಲಿ ಇರಲಿಲ್ಲ. ಬದಲಿಗೆ 'ಬೇಹುಗಾರ' ಎಂಬ ಮಾತು ಸೇರಿಕೊಂಡಿತ್ತು.

ನನ್ನನ್ನು ಬೀದಿಗೆ ತಂದು ಕೊಕ್ಕೆಗೆ ಹಾಕಿ, ಬೀಗ ಎಳೆದು ನೋಡಿ, ಸುತ್ತ ಕಣ್ಣಾಡಿಸಿ, ತನ್ನ ಕಾಗದವನ್ನು ತಾನೇ ನನ್ನ ಬಾಯಿಗೆ ಹಾಕಿದ. ಮರುದಿನ ಬೆಳಿಗ್ಗೆ ತಾನೇ ಬಂದು ತೆಗೆದ. ಬಲಗೈಯಲ್ಲಿ, ಚಂದದ ಅಕ್ಷರದಲ್ಲಿ, ಪುಸ್ತಕಕ್ಕೆ ನಕಲು ಮಾಡಿದ.

ವೈದ್ಯರನ್ನು ಬೆಳಗಿನ ಗಂಜಿ ಉಣ್ಣುವಾಗ ಕರೆದುಕೊಂಡು ಹೋದರಂತೆ. ಅಂಗಡಿಗೆ ಮುದ್ರೆ ಹಾಕಿದರು. ಆರು ದಿನಗಳ ಮೇಲೆ ನದಿಯ ಮರಳಿನಲ್ಲಿ ದೊಡ್ಡ ಸಭೆ. ಊರಿಗೆ ಊರೇ ಬರಬೇಕೆಂದು ಆಜ್ಞೆ. ನನ್ನನ್ನೂ ಒಯ್ದು ವೇದಿಕೆಯ ಮೇಜಿನ ಮೇಲೆ ಇಟ್ಟರು, ಎಲ್ಲರಿಗೂ ಕಾಣುವ ಹಾಗೆ. ಜನರೇ ದೂರಿದ್ದಾರೆ ಎಂಬುದಕ್ಕೆ ನಾನೇ ಸಾಕ್ಷಿ.

ಏಳು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಬಗ್ಗಿಸಿದ ತಲೆ, ಹಿಂದಕ್ಕೆ ಕಟ್ಟಿದ ಕೈ, ಕುತ್ತಿಗೆಗೆ ಹಲಗೆ, ಹಲಗೆಯ ಮೇಲೆ ಹೆಸರು. ಶೆನ್ ಬೋಯಾನ್ ಕೊನೆಯವರು. ಶಾಲೆಯ ಮಕ್ಕಳನ್ನು ಎದುರಿಗೇ ಕೂರಿಸಿದ್ದರು. ಮುಷ್ಟಿ ಎತ್ತಿ ಘೋಷಣೆ ಕೂಗುವ ಆ ಸಾಲುಗಳಲ್ಲಿ ರೂಲಾನ್‌ಳ ಮುಷ್ಟಿಯೂ ಇತ್ತು. ಬಾಯಿ ತೆರೆದಿತ್ತು, ಸದ್ದು ಹೊರಡುತ್ತಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

"ತಪ್ಪು ಒಪ್ಪಿಕೊಳ್ಳುತ್ತೀಯಾ?" ಎಂದು ಗುವೊ ಕೇಳಿದ. ಮೊದಲೆಲ್ಲ ಅವರೊಡನೆ ಬಹುವಚನದಲ್ಲಿ ಮಾತಾಡುತ್ತಿದ್ದವನು.

"ಗಾಯಕ್ಕೆ ಔಷಧಿ ಹಾಕಿದ್ದು ನಿಜ" ಎಂದರು ವೈದ್ಯರು. "ಆಮೇಲೆ ನಿಮ್ಮ ಸೈನಿಕರ ಕಾಲಿಗೂ ಹಚ್ಚಿದೆ."

ಜನರ ನಡುವೆ ಒಂದು ಕ್ಷಣ ಗದ್ದಲ ಅಡಗಿತು. ಗುವೊ ಕೈ ಬೀಸಿದ, ಘೋಷಣೆ ಮತ್ತೆ ಎದ್ದಿತು. ಮೆಟ್ಟಿಲು ಇಳಿಸುವಾಗ ವೈದ್ಯರು ಮೇಜಿನ ಪಕ್ಕ ಹಾದುಹೋದರು. ಸಭೆಯ ನಡಾವಳಿ ಬರೆಯುತ್ತಿದ್ದ ಫಾಂಗ್‌ನ ಹತ್ತಿರ ಬಗ್ಗಿ, "ಫಾಂಗ್, ಸೇತುವೆ ಹತ್ತಿರದ ಮುದುಕಿಗೆ ಎಂಟು ದಿನದ ಪುಡಿ ಕಟ್ಟಿಟ್ಟಿದ್ದೇನೆ. ಮೇಲಿನ ಸಾಲು, ಎಡಗಡೆ. ಸುಚಿಂಗ್‌ಗೆ ಹೇಳಿ ಕೊಡಿಸು" ಎಂದರು. ಅವನ ಮೇಲೆ ಅವರಿಗೆ ಸ್ವಲ್ಪವೂ ಸಂಶಯವಿರಲಿಲ್ಲ. ಗಾಬರಿಯಲ್ಲಿ ಫಾಂಗ್ ಆ ಮಾತನ್ನೂ ನಡಾವಳಿಯಲ್ಲಿ ಬರೆದುಬಿಟ್ಟು, ಆಮೇಲೆ ಹೊಡೆದುಹಾಕಿದ.

ಸ್ವಲ್ಪ ಹೊತ್ತಿಗೆ ಮರಳಿನ ಆ ತುದಿಯಿಂದ ಏಳು ಗುಂಡಿನ ಸದ್ದು ಕೇಳಿತು. ಬೇರೆ ಬೇರೆಯಾಗಿ, ಅವಸರವಿಲ್ಲದೆ.

ಹೊಸ ಹೆಸರುಗಳು ಬರುವುದು ನಿಧಾನಕ್ಕೆ ಕಡಿಮೆಯಾಯಿತು. ಐವತ್ತಮೂರರಲ್ಲಿ ಆ ಚಳವಳಿ ಮುಗಿಯಿತೆಂದರು. ಗುವೊಗೆ ಬೇರೆ ಊರಿಗೆ ವರ್ಗವಾಯಿತು. ಫಾಂಗ್ ಕೂಡ ನದಿಯಾಚೆಯ ಕಚೇರಿಗೆ ಹೋದ. ನನ್ನನ್ನು ಗೋಡೆಯಿಂದ ಇಳಿಸಿ ಮುರಿದ ಕುರ್ಚಿಗಳ ಮೇಲೆ ಎಸೆದರು. ಆಗ ಸುಚಿಂಗ್ ಸಮಿತಿಗೆ ಬಂದಳು.

"ಅಂಗಡಿ ತೆಗೆದುಕೊಂಡಿರಿ, ಮನೆ ತೆಗೆದುಕೊಂಡಿರಿ. ಅವರ ವಸ್ತು ಅಂತ ನನ್ನ ಹತ್ತಿರ ಒಂದೂ ಇಲ್ಲ. ಆ ಪೆಟ್ಟಿಗೆ ಅವರು ಮಾಡಿಸಿದ್ದು. ಕೊಡಿ."

ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ನನ್ನನ್ನು ಕಾಲಿನಿಂದ ಅವಳ ಕಡೆ ನೂಕಿದರು. ಅವಳು ತನ್ನ ಹಳೆಯ ನಿಲುವಂಗಿಯ ತುದಿಯಿಂದ ನನ್ನ ಧೂಳು ಒರೆಸಿ ಎತ್ತಿಕೊಂಡಳು.

ತಾಯಿ ಮಗಳು ಒಂದೇ ಕೋಣೆಯಲ್ಲಿದ್ದರು. ನನ್ನನ್ನು ಕಂಡ ರೂಲಾನ್ ಬಾಗಿಲಲ್ಲೇ ನಿಂತುಬಿಟ್ಟಳು.

"ಅದನ್ನು ಯಾಕೆ ತಂದೆ ಅಮ್ಮಾ?"

"ನಿನ್ನ ಅಪ್ಪನದಲ್ಲವೇನೇ?"

ಮಗಳು ನನಗೆ ತಾಗದಂತೆ ಬದಿಗೆ ಸರಿದು ಒಳಗೆ ಬಂದಳು. ತನ್ನ ಕಾಗದದಿಂದಲೇ ಅಪ್ಪ ಸತ್ತರು ಎಂದು ಅವಳು ತಿಳಿದಿದ್ದಳು. ಸಭೆಯ ಮರುದಿನ ಶಾಲೆಯಲ್ಲಿ ಅಧ್ಯಾಪಕಿಯೊಬ್ಬಳು, ನಮ್ಮ ಮಕ್ಕಳಲ್ಲೂ ಧೈರ್ಯವಂತರಿದ್ದಾರೆ ಎಂದು ಹೊಗಳಿದ್ದು ತನ್ನನ್ನೇ ಎಂದುಕೊಂಡಿದ್ದಳು. ಇದನ್ನು ತಾಯಿಗೆ ಹೇಳಲಿಲ್ಲ. ಹೇಳದೆ ಅವಳ ಎದುರು ಕೂತು ಉಣ್ಣಲಾಗುತ್ತಿರಲಿಲ್ಲ, ಬೆನ್ನು ತಿರುಗಿಸಿ ಉಣ್ಣುತ್ತಿದ್ದಳು. ಸುಚಿಂಗ್ ನನ್ನೊಳಗೆ ಸೂಜಿ, ದಾರ, ಪಡಿತರ ಚೀಟಿ ಇಡುತ್ತಿದ್ದಳು. ರೂಲಾನ್ ದಾರ ಬೇಕಾದರೂ ನನ್ನನ್ನು ಮುಟ್ಟದೆ ನೆರೆಮನೆಯಿಂದ ತರುತ್ತಿದ್ದಳು. ನನಗೆ ಎಲ್ಲ ಗೊತ್ತಿತ್ತು. ಆ ಕಾಗದ ಒಲೆಯಲ್ಲಿ ಉರಿದದ್ದನ್ನು ಕಂಡಿದ್ದೆ. ಹೇಳಲು ಬಾಯಿ ಮಾತ್ರ ಇರಲಿಲ್ಲ. ನನಗಿದ್ದದ್ದು ನುಂಗುವ ಬಾಯಿ.

ಅರವತ್ತರ ಬರಗಾಲದಲ್ಲಿ ಊರು ಹಸಿವಿನಿಂದ ಊದಿಕೊಂಡಿತು. ಸುಚಿಂಗ್ ತನ್ನ ಪಾಲಿನ ಗಂಜಿಯನ್ನು ಮಗಳ ಬಟ್ಟಲಿಗೆ ಸುರಿದು, ನಾನಾಗಲೇ ಉಂಡೆ ಎನ್ನುತ್ತಿದ್ದಳು. ಆ ಚಳಿಗಾಲ ದಾಟಲಿಲ್ಲ. ಕೊನೆಯ ದಿನ ರೂಲಾನ್, "ಅಮ್ಮಾ, ನಾನು ನಿನಗೊಂದು ಮಾತು ಹೇಳಬೇಕು" ಎಂದು ಶುರುಮಾಡಿದಳು. ಸುಚಿಂಗ್ ಆಗಲೇ ಯಾರನ್ನೂ ಗುರುತಿಸುತ್ತಿರಲಿಲ್ಲ.

ತಾಯಿಯನ್ನು ಮಣ್ಣು ಮಾಡಿ ಬಂದವಳೇ ರೂಲಾನ್ ಸೌದೆ ಒಡೆಯುವ ಕೊಡಲಿ ಎತ್ತಿದಳು. ಮೊದಲ ಏಟು ನನ್ನ ಬಲ ಮೂಲೆಗೆ ಬಿತ್ತು. ಹಲಗೆ ಚಕ್ಕೆ ಎದ್ದಿತು. ಅದರೊಳಗಿಂದ ಬಹಳ ವರ್ಷದ ಕರ್ಪೂರದ ವಾಸನೆ ಹೊರಗೆ ಬಂತು. ಅವಳು ಕೊಡಲಿ ಕೆಳಗೆ ಹಾಕಿ, ನೆಲದ ಮೇಲೆ ಕೂತು, ಜೋರಾಗಿ ಅತ್ತಳು. ಅಷ್ಟು ವರ್ಷಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವಳಿಗೆ ಸಾಸಿವೆ ಜಾತಿಯ ಒಂದು ಗೆಡ್ಡೆಯಿಂದ ಉಪ್ಪಿನಕಾಯಿ ಮಾಡುವ ಕಾರ್ಖಾನೆಯಲ್ಲಿ ಕೆಲಸವಿತ್ತು. ಪ್ರತಿಕ್ರಾಂತಿಕಾರಿಯ ಮಗಳು ಎಂಬ ಮಾತು ಅವಳ ದಾಖಲೆಯಲ್ಲಿತ್ತು. ಅದಕ್ಕೇ ಮದುವೆಯಾಗಲಿಲ್ಲ, ಕೆಲಸದಲ್ಲಿ ಮೇಲೆ ಹೋಗಲಿಲ್ಲ. ಉಪ್ಪು, ಮೆಣಸಿನ ಪುಡಿಯಲ್ಲಿ ನೆನೆದು ಅವಳ ಕೈಗಳು ಕೆಂಪಾಗಿ, ಸಿಪ್ಪೆ ಸುಲಿದುಹೋದವು.

ಸಾವಿರದ ಒಂಬೈನೂರ ಎಂಬತ್ತರಲ್ಲಿ ಕಚೇರಿಯಿಂದ ಒಂದು ಹಾಳೆ ಬಂತು. ಶೆನ್ ಬೋಯಾನ್ ಅವರ ವಿಷಯದಲ್ಲಿ ಆದ ತೀರ್ಮಾನ ತಪ್ಪಾಗಿತ್ತು, ಅದನ್ನು ಹಿಂತೆಗೆದುಕೊಳ್ಳಲಾಗಿದೆ ಎಂದು. ನಾಲ್ಕು ಸಾಲು, ಒಂದು ಮುದ್ರೆ. ರೂಲಾನ್ ಗಟ್ಟಿಯಾಗಿ ಓದಿ ಮಡಚಿಟ್ಟಳು.

ಅದಾದ ತಿಂಗಳಿಗೆ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಕೈ ನೋಡಿಯೇ ನನಗೆ ಗುರುತಾಯಿತು.

"ಫಾಂಗ್ ಚಿಕ್ಕಪ್ಪ" ಎಂದಳು ರೂಲಾನ್. ನೀರು ಕಾಯಿಸಿ ಕೊಟ್ಟಳು. ಅವನು ಬಟ್ಟಲು ಮುಟ್ಟಲಿಲ್ಲ.

"ನನಗೆ ಶ್ವಾಸಕೋಶದ ಕಾಯಿಲೆ, ಮಗಳೇ. ಹೆಚ್ಚು ದಿನ ಇಲ್ಲ. ಹೇಳಿ ಹೋಗಬೇಕೆಂದು ಬಂದೆ. ನೀನು ಹಾಕಿದ ಕಾಗದ ಯಾರಿಗೂ ತಲುಪಲಿಲ್ಲ. ಅದನ್ನು ನಾನು ಒಲೆಗೆ ಹಾಕಿದೆ. ನಿಮ್ಮ ಅಪ್ಪನ ಮೇಲೆ ಹೋದ ಕಾಗದ ನಾನು ಬರೆದದ್ದು."

ಅವನು ಎಲ್ಲವನ್ನೂ ಹೇಳಿದ. ಸಂಖ್ಯೆಯ ಮಾತು, ಅಣ್ಣನ ಮಾತು, ಎಡಗೈಯ ಅಕ್ಷರ. ಒಂದನ್ನೂ ಬಿಡಲಿಲ್ಲ. ಕೊನೆಯಲ್ಲಿ ಅವಳು ಬಹಳ ಮೆಲ್ಲಗೆ ಕೇಳಿದಳು.

"ನನ್ನ ಕಾಗದದ ಕೆಳಗೆ ಸಹಿ ಇತ್ತು. ನೋಡಿದಿರಾ?"

"ನೋಡಿದೆ."

"ಅಂದರೆ ನಾನು ಬರೆದೆ ಅಂತ ಗೊತ್ತಿತ್ತು. ನಾನೇ ಅಪ್ಪನನ್ನು ಕೊಂದೆ ಅಂದುಕೊಂಡು ಬದುಕುತ್ತಿದ್ದೇನೆ ಅಂತಲೂ ಗೊತ್ತಿತ್ತು."

ಫಾಂಗ್ ತಲೆ ತಗ್ಗಿಸಿದ. "ಗೊತ್ತಿತ್ತು. ಪೇಟೆಯಲ್ಲಿ ನಿನ್ನನ್ನು ಕಂಡರೆ ಬೀದಿ ದಾಟಿ ಹೋಗುತ್ತಿದ್ದೆ."

"ಇಪ್ಪತ್ತೊಂಬತ್ತು ವರ್ಷ." ಅವಳ ದನಿ ಏರಿತು. ಮಾತು ಏಕವಚನಕ್ಕೆ ಇಳಿಯಿತು. "ಒಂದೇ ಒಂದು ಚೀಟಿ ಬರೆದು ಬಾಗಿಲ ಕೆಳಗೆ ತೂರಿಸಬಹುದಿತ್ತಲ್ಲ ನೀನು! ಊರಿಗೆಲ್ಲ ಬರೆದುಕೊಟ್ಟೆಯಲ್ಲ! ನಮ್ಮಮ್ಮನ ಮುಖ ನೋಡಿ ಒಂದು ದಿನವೂ ನಾನು ಉಣ್ಣಲಿಲ್ಲ. ಅವಳು ಹಾಗೇ ಹೋದಳು."

ಎದ್ದವಳೇ ದಡದಡನೆ ಹೋಗಿ ಬಾಗಿಲು ತೆರೆದಳು. ಹೊರಗೆ ನೆರೆಮನೆಯ ಹೆಂಗಸರು ತರಕಾರಿ ತೊಳೆಯುತ್ತಿದ್ದರು. ಮಕ್ಕಳು ಆಡುತ್ತಿದ್ದರು. ಅವಳು ಒಮ್ಮೆ ಕೂಗಿದ್ದರೆ ಸಾಕಿತ್ತು, ಇಡೀ ವಠಾರ ಒಳಗೆ ಬರುತ್ತಿತ್ತು. ಫಾಂಗ್‌ಗೂ ಅದು ತಿಳಿಯಿತು. ಅವನು ಕೋಲು ಊರಿ ಕಷ್ಟಪಟ್ಟು ಎದ್ದು ನಿಂತ, ತಲೆ ಬಗ್ಗಿಸಿದ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. ನದಿಯ ಮರಳಿನಲ್ಲಿ ಆ ಏಳು ಜನ ನಿಂತಿದ್ದ ಹಾಗೆಯೇ.

ರೂಲಾನ್ ತಿರುಗಿ ಅವನನ್ನು ನೋಡಿದಳು. ಅವನು ನಿಂತ ರೀತಿಯನ್ನು ನೋಡಿದಳು. ಅವಳ ಬಾಯಿ ತೆರೆದಿತ್ತು. ನಿಧಾನಕ್ಕೆ ಮುಚ್ಚಿತು. ಬಾಗಿಲನ್ನೂ ಮುಚ್ಚಿ ಚಿಲಕ ಹಾಕಿದಳು.

"ಕೈ ಬಿಡು" ಎಂದಳು. "ಹಾಗೆ ನಿಲ್ಲಬೇಡ. ನನ್ನ ಮನೆಯಲ್ಲಿ ಯಾರೂ ಹಾಗೆ ನಿಲ್ಲುವುದು ಬೇಡ."

ಅವನು ಕೈ ಬಿಟ್ಟ.

"ಕ್ಷಮಿಸಿದೆ ಅಂತ ಹೇಳಲಾರೆ. ಇನ್ನು ಬರಬೇಡ. ನೀರು ಕುಡಿದು ಹೋಗು."

ಅವನು ಆರಿಹೋದ ನೀರನ್ನು ಪೂರ್ತಿ ಕುಡಿದು ಹೋದ. ಕೋಲಿನ ಸದ್ದು ದೂರವಾಗುವ ತನಕ ಅವಳು ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಮರುದಿನ ಕಾರ್ಖಾನೆಗೆ ರಜೆ ಹಾಕಿ, ಎರಡು ಬಟ್ಟಲು ಅನ್ನ ಕಟ್ಟಿಕೊಂಡು, ತಾಯಿಯ ಗೋರಿ ಇರುವ ಗುಡ್ಡಕ್ಕೆ ಹೋದಳು. ಸಂಜೆ ಬಂದಾಗ ಮೊಣಕಾಲಿಗೆಲ್ಲ ಮಣ್ಣು ಮೆತ್ತಿತ್ತು, ಬಟ್ಟಲು ಎರಡೂ ಖಾಲಿಯಾಗಿದ್ದವು.

ಈಗ ರೂಲಾನ್‌ಗೆ ವಯಸ್ಸಾಗಿದೆ. ನಾನು ಕಿಟಕಿಯ ಕೆಳಗೆ ಇದ್ದೇನೆ, ಮೂಲೆಯೊಡೆದ ಹಳೆಯ ಪೆಟ್ಟಿಗೆ. ನನ್ನೊಳಗೆ ಬಿದ್ದ ಕಾಗದಗಳನ್ನು ನೆನೆಯುತ್ತಿರುತ್ತೇನೆ. ಬರೆದವರಲ್ಲಿ ರಾಕ್ಷಸರು ಯಾರೂ ಇರಲಿಲ್ಲ. ಹೆದರಿದವರು ಬಹಳ ಇದ್ದರು. ಅಷ್ಟು ಹೆದರಿಕೆಯನ್ನು ಒಂದೂರಿನ ತುಂಬ ಹಂಚಿದವರು ಯಾರು, ಅವರ ಕೈ ಹೇಗಿತ್ತು, ನಾನು ನೋಡಲಿಲ್ಲ. ಅವರು ಯಾವತ್ತೂ ನನ್ನ ಹತ್ತಿರ ಬರಲಿಲ್ಲ. ನಾನು ನೋಡಿದ್ದು ಒಬ್ಬ ಹೆಂಗಸು ಕೂಗಲೆಂದು ಬಾಗಿಲು ತೆರೆದು, ಕೂಗದೆ ಮುಚ್ಚಿದ್ದನ್ನು. ನನ್ನ ಎಂಬತ್ತು ವರ್ಷದ ಬಾಳಿನಲ್ಲಿ ಹಾಗೆ ಮಾಡಿದವರನ್ನು ನಾನು ಕಂಡದ್ದು ಅವಳೊಬ್ಬಳನ್ನೇ.